ನೀಲಿ ಬೆಂಕಿಯ ತಲೆಯವನು

ಮಕ್ಕಳೆಲ್ಲ ಕಿರುಚಿಕೊಂಡು ಓಡಿದರು. ಅವಳೊಬ್ಬಳು ಮಾತ್ರ ನೆಟ್ಟಗೆ ಬಂದು ನನ್ನ ಕಪ್ಪು ನಿಲುವಂಗಿಯನ್ನು ಹಿಡಿದುಕೊಂಡಳು.

ಪಾಂಡವಪುರದ ಛತ್ರವೊಂದರಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಕಾರ್ಟೂನ್ ವೇಷ ಹಾಕಿ ಮಕ್ಕಳನ್ನು ನಗಿಸುವುದು ನನ್ನ ಕೆಲಸ. ಅಂದು ನನ್ನದು ಖಳನ ವೇಷ. ಗ್ರೀಕರ ಪಾತಾಳದ ದೇವರು, ಸತ್ತವರ ದೊರೆ. ಮುಖವಾಡದ ತಲೆಯ ಮೇಲೆ ಕೂದಲಿನ ಬದಲು ನೀಲಿ ಬೆಂಕಿ.

"ಸತ್ತೋದೋರ್ನೆಲ್ಲ ನೀನೇ ಇಟ್ಕೊಂಡಿರ್ತೀಯ ಅಲ್ವಾ? ಟಿವಿಲಿ ನೋಡಿವ್ನಿ," ಎಂದಳು. "ನಮ್ಮಮ್ಮ ನಿನ್ ತಾವೇ ಅವ್ಳಾ?"

ಆರೇಳು ವರ್ಷದ ಮಗು. ಇಲ್ಲ ಎನ್ನಲು ಮನಸ್ಸು ಬರಲಿಲ್ಲ.

"ಅವ್ಳೆ ಕಣವ್ವ," ಎಂದುಬಿಟ್ಟೆ.

"ಚೆನ್ನಾಗ್ ಉಣ್ತಾಳಾ?"

"ಉಣ್ತಾಳೆ."

ಅವಳ ಮುಖ ಅರಳಿತು. ಮರುಕ್ಷಣವೇ ಹಿಡಿತ ಬಿಗಿಯಾಯಿತು. "ಅಂಗಾದ್ರೆ ಬುಟ್ಟು ಕಳ್ಸು. ಬಾಗ್ಲಲ್ಲೇ ನಿಂತಿರ್ತೀನಿ."

ಅಷ್ಟರಲ್ಲಿ ಅವಳ ಅಜ್ಜಿ ಬಂದು ಎತ್ತಿಕೊಂಡು ಹೋದರು. ಅಜ್ಜಿಯ ಹೆಗಲ ಮೇಲಿಂದ ಆ ಹುಡುಗಿ, "ಬುಡು, ನಮ್ಮಮ್ಮನ್ನ ಬುಡು!" ಎಂದು ಕೂಗುತ್ತಲೇ ಇದ್ದಳು. ಅದೂ ಆಟವೇ ಇರಬೇಕೆಂದು ನೆರೆದವರು ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಳ್ಳೋಣವೆಂದರೆ ಆ ಮುಖವಾಡದೊಳಗೆ ಕೈ ತೂರುವುದಿಲ್ಲ.

ಆ ವೇಷವನ್ನು ಮತ್ತೆ ಹಾಕಿಲ್ಲ. ಹಾಕದಿದ್ದರೆ ತಾನೇ ಏನಾಯಿತು? ಅವಳ ಪಾಲಿಗೆ ಅಮ್ಮ ಇದ್ದಾಳೆ, ಚೆನ್ನಾಗಿ ಉಣ್ಣುತ್ತಿದ್ದಾಳೆ. ನಾನು ಬಿಡುತ್ತಿಲ್ಲ, ಅಷ್ಟೇ.