ಓರೆಗೆ ಇಟ್ಟ ಸ್ವಿಚ್ಚು

ಮಗಳ ಕೆಲಸ ಉಳಿದದ್ದು ನನ್ನ ಬುದ್ಧಿಯಿಂದ ಅಂತ ನೆಂಟರೆಲ್ಲ ಹೇಳುತ್ತಾರೆ. ಸುಳ್ಳು. ನಾನು ಅವತ್ತು ಬೈದದ್ದು ರೇಷ್ಮೆ ಹುಳದ ತಟ್ಟೆ ಇಟ್ಟ ರೀತಿಗೆ. ಅರ್ಥ ಮಾಡಿಕೊಂಡದ್ದು ಅವಳು.

ಎಂಬತ್ತರ ದಶಕದ ಮಾತು. ಮಗಳು ಕೆ.ಜಿ.ಎಫ್‌ನಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಅವಳು ಬರೆದ ನಕ್ಷೆ ಎರಡು ಸಲ ವಾಪಸ್ ಬಂದಿತ್ತು. ಮೂರನೆಯ ಸಲವೂ ತಪ್ಪಾದರೆ ಕೆಲಸಕ್ಕೆ ಬರಬೇಡ ಅಂದಿದ್ದರು. ಭಾನುವಾರ ಅದನ್ನು ಮನೆಗೇ ತಂದು ಹಜಾರದಲ್ಲಿ ಹರವಿಕೊಂಡು ಕೂತಿದ್ದಳು.

"ಏನ್ಲೇ ಅದು?"

"ಟ್ರಾನ್ಸಿಸ್ಟರ್ ಸ್ವಿಚ್ ಕಣವ್ವಾ."

"ಟ್ರಾನ್ಸಿಸ್ಟರ್‌ಗಾ? ಕಿವಿ ತಿರುಗಿಸಿದ್ರೆ ಆಡ್ತದೆ, ಅದಕ್ಕೆ ಇಷ್ಟು ದೊಡ್ಡ ಕಾಗದ ಯಾಕೆ?"

ರೇಡಿಯೋ ಅಲ್ಲವಂತೆ. ಅಳತೆ ಮಾಡುವ ಯಂತ್ರದಲ್ಲಿ, ಸಾಸಿವೆಯಷ್ಟು ಚೂರಿನೊಳಗೆ ಕೂರುವ ಎರಡು ಸ್ವಿಚ್ಚು. ಎರಡೂ ಒಂದೇ ಸಮ ಇರಬೇಕು. ಆದರೆ ಪಕ್ಕದಲ್ಲೇ ಬಿಸಿಯಾಗುವ ಭಾಗವೊಂದಿದೆ. ಅದರ ಹತ್ತಿರದ್ದು ಹೆಚ್ಚು ಕಾಯುತ್ತದೆ, ಅಳತೆ ಕೆಡುತ್ತದೆ.

ಆ ಅಳುಮುಖ ನೋಡಲಾರದೆ ಅವಳನ್ನು ಎಬ್ಬಿಸಿ ಹುಳದ ಮನೆಗೆ ಕರೆದುಕೊಂಡು ಹೋದೆ. ಚಳಿಗಾಲ, ಅಲ್ಲಿ ಒಂದು ಕಡೆ ಕೆಂಡ, ಇನ್ನೊಂದು ಕಡೆ ಬಾಗಿಲ ಗಾಳಿ. ನನ್ನದು ಎರಡು ತಟ್ಟೆ ರೇಷ್ಮೆ ಹುಳ, ನನ್ನ ವಾರಗಿತ್ತಿಯದು ಎರಡು. ಕೆಂಡದ ಹತ್ತಿರದ ಹುಳ ಬೇಗ ಹಣ್ಣಾಗಿ ಗೂಡಿಗೆ ಬರುತ್ತದೆ. ಅದಕ್ಕೇ ಜಗಳ ಬೇಡವೆಂದು ಒಬ್ಬೊಬ್ಬರ ಎರಡು ತಟ್ಟೆಗಳನ್ನು ಓರೆಗೆ, ಎದುರುಬದುರು ಮೂಲೆಯಲ್ಲಿ ಇಡುತ್ತಿದ್ದೆವು. ಮಗಳು ತಟ್ಟೆಯ ಕಸ ತೆಗೆದು ನಮ್ಮವೆರಡನ್ನೂ ಕೆಂಡದ ಪಕ್ಕಕ್ಕೇ ಇಟ್ಟಳು.

"ಲೇ, ಕಣ್ಣೆಲ್ಲಿಗೆ ಓಯ್ತು? ನಿಮ್ ಚಿಕ್ಕಮ್ಮ ನನ್ನ ಬದುಕಾಕೆ ಬಿಡ್ತಾಳಾ? ನಮ್ದೊಂದು ಇಲ್ಲಿ, ಇನ್ನೊಂದು ಓರೆಗೆ ಆ ಮೂಲೇಲಿ. ಮಿಕ್ಕಿದ್ದೆರಡು ಮೂಲೇಲಿ ಅವಳವು. ಬಿಸೀನೂ ಇಬ್ರಿಗೂ ಸಮ, ಗಾಳೀನೂ ಇಬ್ರಿಗೂ ಸಮ!"

ಬಾಗಿಲಲ್ಲಿ ನಿಂತಿದ್ದ ವಾರಗಿತ್ತಿ, "ಅಕ್ಕಯ್ಯನ ಮಗಳು ಬೆಂಗ್ಳೂರು ಕಂಡ್ಳು, ಹುಳ ಮರೆತ್ಲು" ಅಂತ ನಕ್ಕಳು.

ಮಗಳು ನಗಲಿಲ್ಲ. "ಅವ್ವಾ, ಒಂದೊಂದ್ ಸ್ವಿಚ್ಚೂ ಎರಡು ತುಂಡು ಮಾಡಿ ಈಂಗೇ ಇಡ್ಬೋದು" ಅಂದವಳೇ ತಟ್ಟೆಯನ್ನು ನನ್ನ ಕೈಗೆ ತುರುಕಿ ಓಡಿದಳು. ಅಳಿಸಿ, ಗೆರೆ ಎಳೆದು, ಸಂಜೆಯೊಳಗೆ ಮುಗಿಸಿದಳು. ಗೆರೆ ಎಳೆಯುವಾಗ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಚಿಕ್ಕವಳಿದ್ದಾಗಿನಿಂದಲೂ ಹಾಗೆ.

ಆ ನಕ್ಷೆ ಮತ್ತೆ ವಾಪಸ್ ಬರಲಿಲ್ಲ. ಅವತ್ತು ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅವಳು ದಿನಾ ಹತ್ತುವ ಮಾರಿಕುಪ್ಪಂ ರೈಲಿನ ನೂಕುನುಗ್ಗಲು ಮಾತ್ರ. ಮರುದಿನ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕುವುದನ್ನು ವಾರಗಿತ್ತಿಗೆ ಒಪ್ಪಿಸಿ, ಸುತ್ತಿದ ನಕ್ಷೆಯನ್ನು ನಾನೇ ಹಿಡಿದು ರೈಲು ಹತ್ತಿದೆ. ಮಗಳಿಗೆ ಸೀಟು ಸಿಕ್ಕಿತು, ನಿದ್ದೆ ಹೋದಳು. ನಾನು ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಬೆಂಗಳೂರಿನವರೆಗೂ ನಿಂತೇ ಹೋದೆ.