ಅಕ್ಕ ಬಿಡದ ಕುರ್ಚಿ

ಹೊಸಪೇಟೆಯಲ್ಲಿ ನಮ್ಮ ಲಂಬಾಣಿ ತಾಂಡಾಗಳ ಹುಡುಗ ಹುಡುಗಿಯರಿಗೆ ಪಂಚಾಯಿತಿ ಚುನಾವಣೆಗೆ ನಿಲ್ಲುವ ತರಬೇತಿ ಕೊಡುತ್ತಿದ್ದ ಅಕ್ಕ, ಮಾತಾಡುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ದಿನವೂ ಅದೇ ಮಾತು: “ಯಾರರ ಬರ್ಲಿ, ಕುರ್ಚಿ ಬಿಟ್ಟು ಏಳಬ್ಯಾಡ್ರಿ.”

ಒಂದು ಮಧ್ಯಾಹ್ನ ಸಂಡೂರಿನ ಗಣಿ ಗುತ್ತಿಗೆದಾರ ಆಳುಗಳೊಂದಿಗೆ ತರಬೇತಿ ಕೋಣೆಯೊಳಗೆ ಬಂದ. ನಮ್ಮ ಅಪ್ಪಂದಿರಿಗೆ ಕೆಲಸ ಕೊಡುವವನು ಅವನೇ. ನಾವೆಲ್ಲ ತಟ್ಟನೆ ಎದ್ದು, ಚಪ್ಪಲಿ ಕಳಚಿ, ಗೋಡೆಗೆ ಒತ್ತಿ ನಿಂತೆವು. ಅಕ್ಕ ಮಾತ್ರ ಕುಳಿತೇ ಇದ್ದಳು.

“ಏನವ್ವ, ಇವ್ರನ್ನ ಎಲೆಕ್ಷನ್‌ಗೆ ನಿಲ್ಲಸ್ತೀಯೇನು?”

“ಹೌದ್ರಿ. ನೀವೂ ಕುಂದ್ರಿ.”

ಅವನು ಕೂರಲಿಲ್ಲ. ನಮ್ಮ ಒಬ್ಬೊಬ್ಬರ ಮುಖವನ್ನೂ ಗುರುತಿಟ್ಟುಕೊಳ್ಳುವಂತೆ ನೋಡಿ ಹೊರಟ.

ಜೀಪಿನ ಸದ್ದು ಅಡಗಿದ ಮೇಲೆ ಅಕ್ಕ ನನ್ನತ್ತ ಕೈ ಚಾಚಿದಳು. ಸೆರಗು ಸುತ್ತಿದ್ದ ಬೆರಳು ನೀಲಿಗಟ್ಟಿತ್ತು.

“ಸ್ವಲ್ಪ ಹಿಡ್ಕೊ ತಂಗಿ. ಅವ ಬಂದಾಗ ನಾನೂ ಏಳಾಕ ನೋಡಿದೆ, ಕಾಲಾಗ ಬಲ ಬರ್ಲಿಲ್ಲ.”