ಆಯಿಗೆ ಕೊಟ್ಟ ಹೆಂಟೆ

ಕಳೆದ ವಾರ ಬೈಲಹೊಂಗಲದಲ್ಲಿ ರೈತರ ಸಭೆಯೊಂದಕ್ಕೆ ಹೋಗಿದ್ದೆ. ಕೃಷಿ ಅಧಿಕಾರಿ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದೊಂದು ಒಣ ಮಣ್ಣಿನ ಹೆಂಟೆ ಬಿಟ್ಟರು. ಒಂದು ಹಾಗೇ ಕುಳಿತಿತು. ಇನ್ನೊಂದು ನೋಡನೋಡುತ್ತ ಕರಗಿ ನೀರೆಲ್ಲ ರಾಡಿಯಾಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಈ ಪರೀಕ್ಷೆಯನ್ನು ನಾನು ನಲವತ್ತು ವರ್ಷಗಳ ಹಿಂದೆಯೇ ನೋಡಿದ್ದೆ, ಮುರಗೋಡದ ಹತ್ತಿರದ ನಮ್ಮೂರಲ್ಲಿ, ಪಕ್ಕದ ಮನೆಯ ಅಜ್ಜಿ, ಊರೆಲ್ಲ ಆಯಿ ಎನ್ನುತ್ತಿದ್ದವಳ ಕಟ್ಟೆಯ ಮೇಲೆ. ಯಾರು ಮಣ್ಣಿನ ಗೋಡೆ ಕಟ್ಟಿದರೂ ಮೊದಲು ಆಯಿಗೆ ಒಂದು ಹೆಂಟೆ ತಂದು ಕೊಡಬೇಕು. ಮೊಣಕಾಲು ನೋವು, ಹೊಲದ ತನಕ ಆಕೆ ನಡೆಯಲಾರಳು. ಹೆಂಟೆಯನ್ನು ಹಿತ್ತಾಳೆ ಬೋಗುಣಿಯ ನೀರಿಗೆ ಬಿಟ್ಟು, ತಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎಲೆ ಅಗಿದು ಮುಗಿಯುವ ತನಕ ಹೆಂಟೆ ನಿಂತರೆ ಗೋಡೆ ಕಟ್ಟಬಹುದು.

"ಮಣ್ಣ ಬರೇ ಪುಡಿ ಅಲ್ಲ ನನ್ನವ್ವ," ಅನ್ನುತ್ತಿದ್ದಳು. "ಬೇರು, ಹುಳದ ಅಂಟು, ಕೊಳತ ಗೊಬ್ಬರ ಎಲ್ಲಾ ಕೂಡಿ ಅದಕ್ಕ ಹೊಲಿಗಿ ಹಾಕಿರತಾವು. ನೀರ ಬಾಳ ಉಣಿಸಿ ಹೊಲ ಉಪ್ಪೇರಿ ಸವಳಾತಂದ್ರ ಆ ಹೊಲಿಗಿ ಬಿಚ್ಚತೈತಿ. ಒಣಗಿದಾಗ ಕಲ್ಲು, ನೀರಾಗ ಹಾಲು."

ನನಗಾಗ ಹನ್ನೊಂದು ವರ್ಷ. ಅಪ್ಪ ಮನೆಗೆ ಹೊಸ ಖೋಲಿ ಕಟ್ಟಲು ಹೊರಟಿದ್ದ. ಮಣ್ಣು ನಮ್ಮ ಕಬ್ಬಿನ ಹೊಲದ್ದು. ಮೇಲೆಲ್ಲ ಬಿಳಿ ಉಪ್ಪು ಒಡೆದಿತ್ತು. ಚಕ್ಕಡಿ, ಆಳು ಎಲ್ಲ ಗೊತ್ತು ಮಾಡಿಯಾಗಿತ್ತು. "ಒಂದ ಹೆಂಟಿ ಆಯಿಗೆ ಕೊಟ್ಟ ಬಾ" ಎಂದ.

ದಾರಿಯಲ್ಲಿ ಸುಮ್ಮನೆ ಇರಬೇಕೋ ಬೇಡವೋ! ಕಾಲುವೆಯ ನೀರಿನಲ್ಲಿ ಅದರದೊಂದು ಚೂರು ಅದ್ದಿ ನೋಡಿದೆ. ಹಾಲಿನ ಹಾಗೆ ಹರಡಿಹೋಯಿತು. ಆಯಿ ಬೇಡವೆಂದರೆ ಅಪ್ಪನ ಸಿಟ್ಟು ನನ್ನ ಬೆನ್ನಿನ ಮೇಲೆ ಎಂದು ಹೆದರಿದೆ. ಹೆಂಟೆ ಬಿಸಾಕಿ, ಬದುವಿನ ಕರಿಕೆ ಹುಲ್ಲಿನ ಬುಡದಿಂದ ಇನ್ನೊಂದು ಕಿತ್ತು, ಬೇರು ಹರಿದು ಒಯ್ದು ಕೊಟ್ಟೆ.

ಎಲೆ ಮುಗಿಯಿತು. ಹೆಂಟೆ ಅಲುಗಲಿಲ್ಲ.

"ಛಲೋ ಐತಿ, ಕಟ್ಟಂತ ಹೇಳ ನಿಮ್ಮಪ್ಪಗ."

ಗೋಡೆ ಎದ್ದ ದಿನದಿಂದ ನಾನು ಹೊತ್ತಿಗೊಮ್ಮೆ ಅದರ ಬುಡ ಮುಟ್ಟಿ ನೋಡುತ್ತಿದ್ದೆ. ಮೋಡ ಕಂಡರೆ ಮನೆಗೆ ಓಡಿ ಬರುತ್ತಿದ್ದೆ. ಆ ಗೋಡೆಯ ಪಕ್ಕದಲ್ಲೇ ತಮ್ಮನ ತೊಟ್ಟಿಲು. ನಾನು ಆಚೆ ಸರಿಸುತ್ತಿದ್ದೆ, ಅವ್ವ ಈಚೆ ತರುತ್ತಿದ್ದಳು. "ಏನಾಗೇತಿ ನಿನಗ, ಹುಚ್ಚ ಹಿಡದೈತೇನ?" ಎಂದು ಬೈಯುತ್ತಿದ್ದಳು.

ಹಸ್ತಾ ಮಳೆ ಮೂರು ದಿನ ಬಿಡದೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಗೋಡೆಯ ಬುಡದಿಂದ ಬೆಳ್ಳನೆಯ ರಾಡಿ ಹರಿಯುವುದನ್ನು ಕಂಡೆ. ಅವ್ವ ಹಿತ್ತಲಲ್ಲಿ ಎಮ್ಮೆ ಕಟ್ಟುತ್ತಿದ್ದಳು, ತಮ್ಮ ಒಳಗೆ ತೊಟ್ಟಿಲಲ್ಲಿದ್ದ. ಒಳಗೆ ಹೋಗುವ ಧೈರ್ಯ ನನಗೆಲ್ಲಿತ್ತು? ಆಯಿಯ ಮನೆಗೆ ಓಡಿದೆ.

ಆಯಿ ಕೋಲೂರುತ್ತ ಬಂದಳು. ಗೋಡೆಗೆ ಬೆರಳು ಒತ್ತಿದಳು, ಬೆರಳು ಒಳಗಿಳಿಯಿತು. ಒಳನುಗ್ಗಿ ತಮ್ಮನನ್ನು ಎತ್ತಿ ನನ್ನ ಕೈಗೆ ಎಸೆದಂತೆ ಕೊಟ್ಟಳು. ತಾನು ಹೊಸ್ತಿಲು ದಾಟುವಷ್ಟರಲ್ಲಿ ಗೋಡೆ ಕುಸಿಯಿತು... ಆಕೆಯ ಸೊಂಟದ ತನಕ ಮಣ್ಣು.

ಜೀವ ಉಳಿಯಿತು, ಕಾಲು ಹೋಯಿತು. ಅಪ್ಪನೆದುರು ಆಕೆ ಅತ್ತಳು. "ತಪ್ಪ ನಂದಪಾ. ನನ್ನ ಕಣ್ಣ ಹೋದುವು."

ಆಮೇಲೆ ಯಾರೂ ಹೆಂಟೆ ತರಲಿಲ್ಲ. ಒಂದು ದಿನ ತಾನೇ ನನ್ನನ್ನು ಕರೆದು, "ಬದುವಿನಾಗಿಂದ ಒಂದ ತಾರವಾ, ನೋಡೂಣು" ಎಂದಳು. ತಂದು ಕೊಟ್ಟೆ. ನೀರಿಗೆ ಬಿಟ್ಟಳು. ಎಲೆ ಮುಗಿದರೂ ಹೆಂಟೆ ಗಟ್ಟಿಯಾಗಿ ನಿಂತೇ ಇತ್ತು. ಆಯಿ ಅದನ್ನೇ ನೋಡುತ್ತ ಕುಳಿತಳು.

"ಅವತ್ತೂ ಹಿಂಗ ನಿಂತಿತ್ತಲ್ಲ... ಇನ್ನ ಹೆಂಗ ನಂಬಲಿ?"

ಆಗಲೂ ನಾನು ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು.

ಆಕೆಯ ಮಗಳು ಸಾಲಹಳ್ಳಿಯಲ್ಲಿದ್ದಾರೆ. "ನಮ್ಮವ್ವ ಎಲ್ಲಾ ಬರೋಬ್ಬರಿ ಹೇಳತಿದ್ದಳು, ಒಂದ ನಿಮ್ಮ ಗ್ವಾಡಿ ತಪ್ಪಿದಳು ನೋಡ್ರಿ" ಎಂದು ಸಿಕ್ಕಾಗಲೆಲ್ಲ ನಗುತ್ತಾರೆ. ಸಭೆಯಿಂದ ಬಂದ ದಿನ, ಏನಾದರಾಗಲಿ, ಹೇಳಿಬಿಡುವೆ ಎಂದು ಅವರಿಗೆ ಫೋನ್ ಹಚ್ಚಿದೆ.

"ಹೇಳ್ರಿ ಅಕ್ಕಾರ" ಎಂದರು.

ಆ ಕಡೆ ಮಳೆ ಹೇಗಿದೆ ಎಂದು ಕೇಳಿ, ಫೋನ್ ಇಟ್ಟುಬಿಟ್ಟೆ.